ಟಿಫಿನ್ ಡಬ್ಬಿಯಲ್ಲಿ ಮರಳು

ಬಸ್ಸಿನಲ್ಲಿ, ಬ್ಯಾಂಕಿನ ಸಾಲಿನಲ್ಲಿ ಸಿಕ್ಕ ಮಾಜಿ ಸೈನಿಕರ ನೆನಪಿಗೆ ಏನು ಬೆಲೆ, ಅರ್ಧ ಸಿನಿಮಾ ಅರ್ಧ ಬಡಾಯಿ ಎಂದವರೇ ಈಗ, ಅಂಥ ಸೈನಿಕರ ಕೈಯಲ್ಲೇ ಮರಳಿನ ರಣರಂಗ ಮಾಡಿಸಿ ನೆನಪು ರೆಕಾರ್ಡ್ ಮಾಡಿಕೊಳ್ಳುವ ನನ್ನ ಟಿಫಿನ್ ಡಬ್ಬಿಯ ಅಳತೆ ಕೇಳುತ್ತಿದ್ದಾರೆ. ಬರೆದುಬಿಡುತ್ತೇನೆ. ಮೈಕು, ರೆಕಾರ್ಡಿಂಗು, ಒಪ್ಪಿಗೆ ಕೇಳುವ ಕ್ರಮ ಎಲ್ಲ ನಿಮಗೆ ಗೊತ್ತಿರುವುದೇ.

ಮೊದಲು ಹಾಳಾದ ದುಡ್ಡಿನ ಲೆಕ್ಕ. ಪಾಕಿಸ್ತಾನದ ಜೊತೆ 1965, 1971ರಲ್ಲಿ ಕಾಳಗ ನಡೆದ ಛಾಂಬ್, ಹಿಲ್ಲಿ, ಲಾಹೋರ್ ಬಳಿಯ ಇಚ್ಛೋಗಿಲ್ ಕಾಲುವೆಯ ನಕ್ಷೆಗಳನ್ನು ದೊಡ್ಡದಾಗಿ ಬಣ್ಣದಲ್ಲಿ ಪ್ರಿಂಟ್ ಹಾಕಿಸಿ ಲ್ಯಾಮಿನೇಟ್ ಮಾಡಿಸಿದ್ದಕ್ಕೆ ಎರಡು ಸಾವಿರದ ಹತ್ತಿರ. ಉಪಗ್ರಹ ಚಿತ್ರ ತೋರಿಸಲು ಹಳೆಯ ಟ್ಯಾಬ್, ಸುಮಾರು ಎಂಟು ಸಾವಿರ. ಎರಡೂ ದಂಡ. "ಮ್ಯಾಪು ಸಾಹೇಬ್ರ ಕೈಲಿ ಇರ್ತಿತ್ತು, ನಮ್ಮ ಕೈಲಿ ಬೆಲ್ಚಾ (ಸಲಿಕೆ)" ಎಂದು ವಾಪಸ್ ಕೊಡುತ್ತಾರೆ. ಸಿಪಾಯಿ ನೆಲವನ್ನು ಮೇಲಿನಿಂದ ನೋಡಿದವನಲ್ಲ, ತೋಡಿದವನು. ಪರದೆಯ ಮೇಲೆ ಬೆರಳಿಟ್ಟರೆ ಚಿತ್ರ ಜಾರುತ್ತದೆ, ಅದರ ಜೊತೆ ಮಾತೂ ಜಾರುತ್ತದೆ.

ಗೆದ್ದದ್ದು ಮರಳು. ಸೈನ್ಯದಲ್ಲಿ ದಾಳಿಗೆ ಮುಂಚೆ ಆರ್ಡರ್ ಕೊಡುವುದೇ ಸ್ಯಾಂಡ್ ಮಾಡೆಲ್, ಅಂದರೆ ಮರಳಿನಲ್ಲಿ ಮಾಡಿದ ನೆಲದ ಮಾದರಿಯ ಮೇಲೆ, ಅದು ಅವರ ಕೈಗೆ ಗೊತ್ತಿರುವ ಭಾಷೆ. ಮನೆಗೆ ಹೋಗಿ ಕೂರುವುದಾದರೆ 45 × 30 ಸೆಂ.ಮೀ. ಟ್ರೇ, ನಾಲ್ಕು ಕೆಜಿ ಸೋಸಿದ ಮರಳು, ಕಾಲು ಲೀಟರ್‌ಗೆ ಸ್ವಲ್ಪ ಕಮ್ಮಿ ನೀರು. ದಾರಿಯಲ್ಲಿ ಸಿಕ್ಕವರಿಗೆ ಚಪ್ಪಟೆ ಟಿಫಿನ್ ಡಬ್ಬಿ, 20 × 14, ಒಂದು ಕೆಜಿಗೆ ಚೂರು ಕಮ್ಮಿ ಮರಳು, 50 ಮಿ.ಲೀ. ನೀರು. ಒಣಗಿದ್ದರೆ ಏರಿ ನಿಲ್ಲುವುದಿಲ್ಲ. ಹೆಚ್ಚು ಒದ್ದೆಯಾದರೆ ಕೈಗಂಟಿ ಎದ್ದು ಕೈ ತೊಳೆಯಲು ಹೋಗುತ್ತಾರೆ, ವಾಪಸ್ ಬರುವಷ್ಟರಲ್ಲಿ ಮಾತು ಮೊಮ್ಮಗಳ ಮದುವೆಗೆ ಹೋಗಿರುತ್ತದೆ. ನದಿಗೆ ನೀಲಿ ಉಲ್ಲನ್, ಬಂಕರಿಗೆ ಬೆಂಕಿಕಡ್ಡಿ, ಅವರಿದ್ದ ಮೋರ್ಚಾಕ್ಕೆ (ಕಾದು ಕೂತ ಕಂದಕಕ್ಕೆ) ಒಂದೇ ಒಂದು ಅಂಗಿ ಗುಂಡಿ. ಹಗುರವಿರಲಿ ಎಂದು ರಾಗಿ ಹಿಟ್ಟಿನಲ್ಲೂ ಮಾಡಿ ನೋಡಿದೆ. ಯಾರೂ ಮುಟ್ಟಲಿಲ್ಲ. ಉಣ್ಣುವ ಹಿಟ್ಟಿನಲ್ಲಿ ಯುದ್ಧ ಆಡುತ್ತಾರೆಯೇ?

ಕೇಳುವ ಕ್ರಮದಲ್ಲೇ ಎಲ್ಲ ಇದೆ. "ಯುದ್ಧದಲ್ಲಿ ಏನಾಯ್ತು" ಎಂದರೆ ಹದಿನೈದು ಆಗಸ್ಟ್ ಭಾಷಣ ಬರುತ್ತದೆ. ಮೊದಲು ಗುಂಡಿ ಇಡಿಸಿ. ಆಮೇಲೆ ಸೂರ್ಯ ಯಾವ ಕಡೆ ಹುಟ್ಟುತ್ತಿದ್ದ, ನೀರು ಎಲ್ಲಿಂದ ತರುತ್ತಿದ್ದಿರಿ, ಲಂಗರ್ (ಸೈನಿಕರ ಅಡುಗೆಮನೆ) ಎಷ್ಟು ಹಿಂದಿತ್ತು. ದೂರವನ್ನು ಕಿಲೋಮೀಟರಿನಲ್ಲಿ ಕೇಳಬೇಡಿ. ಪಿಟ್ಟು (ಬೆನ್ನಿನ ಚೀಲ) ಹೊತ್ತುಕೊಂಡು ಎಷ್ಟು ಹೊತ್ತಿನ ನಡಿಗೆ ಎಂದು ಕೇಳಿ. ಶತ್ರು ಎಲ್ಲಿದ್ದ ಎಂಬುದು ಕೊನೆಗೆ. ಎಷ್ಟು ಜನರನ್ನು ಕೊಂದಿರಿ ಎಂಬುದು ಎಂದೂ ಇಲ್ಲ. ದರ್ಜೆ ಗೊತ್ತಾದ ಕೂಡಲೇ "ಅಜ್ಜ" ಬಿಟ್ಟು "ಸುಬೇದಾರ್ ಸಾಬ್" ಎನ್ನಿ, ಬೆನ್ನು ತಾನಾಗಿ ನೆಟ್ಟಗಾಗುತ್ತದೆ. ಅದಕ್ಕೂ ಮುಂಚೆ, ಅಪರಿಚಿತರ ಹತ್ತಿರ ಬಾಯಿ ಬಿಡಿಸುವ ಮೊದಲ ವಾಕ್ಯ ಒಂದಿದೆ. ಅದು ನನ್ನಲ್ಲೇ ಇರಲಿ.

ತಾಳೆ ನೋಡಲು ಸೂರ್ಯನೇ ಸಾಕು. 1965ರಲ್ಲಿ ಇಚ್ಛೋಗಿಲ್ ಕಡೆ ನುಗ್ಗಿದವರು ಪೂರ್ವದಿಂದ ಪಶ್ಚಿಮಕ್ಕೆ ಹೋದವರು, ಬೆಳಗಿನ ಬಿಸಿಲು ಬೆನ್ನಿಗೆ. 1971ರಲ್ಲಿ ಪೂರ್ವ ಪಾಕಿಸ್ತಾನದ (ಈಗಿನ ಬಾಂಗ್ಲಾದೇಶ) ಗಡಿಯ ಹಿಲ್ಲಿಯಲ್ಲಿ ನಮ್ಮವರು ಪಶ್ಚಿಮದಲ್ಲಿ, ಬಿಸಿಲು ಕಣ್ಣಿಗೆ. ತಿರುಗುಮುರುಗಾಗಿದ್ದರೆ ಸುಳ್ಳು ಎನ್ನಬೇಡಿ, ಡಬ್ಬಿ ತಿರುಗಿಸಿ ಇನ್ನೊಮ್ಮೆ ಕೇಳಿ. ಎಷ್ಟೋ ಸಲ ಡಬ್ಬಿಯೇ ಉಲ್ಟಾ ಇರುತ್ತದೆ. ಎರಡನೆಯದು ಚಂದ್ರ. 1971ರ ಡಿಸೆಂಬರ್ 2 ಹುಣ್ಣಿಮೆ, ಮರುದಿನ ಯುದ್ಧ ಶುರು. ಢಾಕಾದ ಶರಣಾಗತಿ 16ಕ್ಕೆ, ಆಗ ಅಮಾವಾಸ್ಯೆಯ ಕತ್ತಲು. ಶರಣಾಗತಿಯ ಹಿಂದಿನ ರಾತ್ರಿ ಹಾಲು ಚೆಲ್ಲಿದ ಬೆಳದಿಂಗಳಿತ್ತು ಎಂದರೆ ಬೇರೆ ರಾತ್ರಿ ಬೆರೆತಿದೆ ಎಂದರ್ಥ. 1965ರ ಸೆಪ್ಟೆಂಬರ್ 10ರ ಹುಣ್ಣಿಮೆ ಪಂಜಾಬಿನ ಅಸಲ್ ಉತ್ತರ್ ಟ್ಯಾಂಕ್ ಕಾಳಗದ ದಿನಗಳಲ್ಲೇ ಬಂತು. ತಾರೀಖು ಮರೆತವರಿಗೆ ಹಬ್ಬ ನೆನಪಿರುತ್ತದೆ: 1965ರಲ್ಲಿ ಗಡಿ ದಾಟಿದ್ದು ಗಣೇಶನ ಹಬ್ಬ ಕಳೆದು ವಾರಕ್ಕೆ, 1962ರಲ್ಲಿ ಚೀನಾ ನುಗ್ಗಿದ್ದು ದೀಪಾವಳಿಗೆ ಒಂದು ವಾರ ಮುಂಚೆ.

ಮೂರನೆಯದು ಪದಕ. ಪೂರ್ವಿ ಸ್ಟಾರ್ ಇದ್ದರೆ 1971ರ ಪೂರ್ವ ರಂಗ, ಪಶ್ಚಿಮಿ ಸ್ಟಾರ್ ಇದ್ದರೆ ಪಶ್ಚಿಮ, 1965ಕ್ಕೆ ಸಮರ್ ಸೇವಾ ಸ್ಟಾರ್. ಬರೀ ಸಂಗ್ರಾಮ್ ಮೆಡಲ್ ಅಥವಾ ರಕ್ಷಾ ಮೆಡಲ್ ಇದ್ದರೆ ಆಗ ಸೇವೆಯಲ್ಲಿದ್ದರು ಎಂದಷ್ಟೇ, ಕಾಳಗದಲ್ಲಿದ್ದರು ಎಂದಲ್ಲ. ಅಂಥವರನ್ನು ಬಿಟ್ಟುಬಿಡುವವರಿದ್ದಾರೆ, ದಡ್ಡತನ. ಮದ್ದುಗುಂಡಿನ ಲೆಕ್ಕ ಬರೆದ ಗುಮಾಸ್ತರ ನೆನಪು ಮುಂಚೂಣಿಯವರದ್ದಕ್ಕಿಂತ ಚೊಕ್ಕ. ಪದಕ ಸಿಗದಿದ್ದರೆ ಹಳೆಯ ಇನ್‌ಲ್ಯಾಂಡ್ ಕಾಗದ ನೋಡಿ. ವಿಳಾಸದಲ್ಲಿ 99 ಎಪಿಒ (ಸೈನ್ಯದ ಅಂಚೆ ಕಚೇರಿ) ಇದ್ದರೆ ಪೂರ್ವದ ಕಡೆ, 56 ಎಪಿಒ ಆದರೆ ಉತ್ತರ–ಪಶ್ಚಿಮ. ಪಿಂಚಣಿ ಪುಸ್ತಕದ ಫೋಟೊ ಮಾತ್ರ ತೆಗೆಯಬೇಡಿ.

ಧ್ವನಿಯ ವಿಷಯ ಚುಟುಕಾಗಿ. ತೋಪು, ಟ್ಯಾಂಕಿನವರಿಗೆ ಕಿವಿ ಮಂದ, ತಾರಕದಲ್ಲಿ ಕಿರುಚಿದರೆ ಇನ್ನೂ ಕೇಳುವುದಿಲ್ಲ. ಚೆನ್ನಾಗಿರುವ ಕಿವಿಯ ಕಡೆ ಕೂತು, ದನಿ ತಗ್ಗಿಸಿ ನಿಧಾನ ಮಾತಾಡಿ. ಅವರು ಜೋರಾಗಿ ಮಾತಾಡುತ್ತಾರೆ, ರೆಕಾರ್ಡಿಂಗ್ ಮಟ್ಟ −12 ಡೆಸಿಬೆಲ್ ಆಸುಪಾಸಿಗೆ ಇಳಿಸಿ. ಕಾಲರ್ ಮೈಕು ಬಾಯಿಗೆ ಹತ್ತಿರವಾದರೆ ಹಲ್ಲು ಸೆಟ್ಟಿನ ಟಕಟಕ ಬೀಳುತ್ತದೆ, ಒಂದು ಗೇಣು ಕೆಳಗಿರಲಿ. ಧ್ವನಿಯ ಫೈಲು ಗಂಟೆಗೆ ಸುಮಾರು 350 ಎಂಬಿ ಆಗುತ್ತದೆ. ನಲವತ್ತು ನಿಮಿಷ ದಾಟಿಸಬೇಡಿ. ಬೆರಳು ಮರಳಿನಲ್ಲಿ ಒಂದೇ ಕಡೆ ಸುತ್ತತೊಡಗಿದರೆ ಅಲ್ಲಿ ಯಾರೋ ಬಿದ್ದಿದ್ದಾರೆ. ಸುಮ್ಮನಿರಿ. ಅವರಾಗಿ ಹೇಳದಿದ್ದರೆ ಆವತ್ತಿಗೆ ಮುಗಿಯಿತು.

ಬರಹಕ್ಕಿಳಿಸಲು ನಿಮಿಷಕ್ಕೆ ಇಪ್ಪತ್ತೈದು ಮೂವತ್ತು ರೂಪಾಯಿ ಕೊಟ್ಟು ಮಾಡಿಸಿದ್ದೂ ಉಂಟು. ಬೆನ್ನಿನ ‘ಪಿಟ್ಟು’ ‘ಹಿಟ್ಟು’ ಆಗಿ, ಇಡೀ ಪ್ಲಟೂನ್ ಹಿಟ್ಟು ಹೊತ್ತು ನದಿ ದಾಟಿತ್ತು. ಮದ್ರಾಸ್ ಸ್ಯಾಪರ್ಸ್‌ನವರು ಮಾತಿನ ನಡುವೆ ತಮಿಳಿಗೆ, ಮರಾಠಾ ಲೈಟ್ ಇನ್‌ಫೆಂಟ್ರಿಯವರು ಮರಾಠಿಗೆ ಜಾರುತ್ತಾರೆ. ಬೇರೆಯವರಿಗೆ ಕೊಡಬೇಡಿ. ಗಂಟೆ ಆಡಿಯೊಗೆ ಆರೇಳು ಗಂಟೆ ಹಿಡಿದರೂ ನೀವೇ ಕೂರಿ.

ಹಳೆಯ ರೇಡಿಯೊ ವಾರ್ತೆ ಕೇಳಿಸಿ ನೆನಪು ಕೆದಕುವ ಪ್ರಯೋಗ ಕೆಟ್ಟಿತು, ಕೇಳಿದ ವಾರ್ತೆಯನ್ನೇ ಕಂಡದ್ದೆಂದು ಹೇಳತೊಡಗುತ್ತಾರೆ. ಫಲ ಕೊಟ್ಟದ್ದು ಅಜ್ಜಿಯರನ್ನು ಬೇರೆ ಕೂರಿಸಿ ಕೇಳಿದ್ದು. ಮನಿಯಾರ್ಡರ್ ಯಾವ ತಿಂಗಳು ನಿಂತಿತು, ತಂತಿ ಬಂದ ದಿನ ಒಲೆಯ ಮೇಲೆ ಏನಿತ್ತು, ಕಾಗದದಲ್ಲಿ ಸೈನ್ಯದ ಸೆನ್ಸಾರಿನವರು ಶಾಯಿ ಬಳಿದ ಸಾಲು ಎಷ್ಟು. ಗಂಡನ ತಾರೀಖು ತಪ್ಪಿದ್ದರೆ ಸರಿಯಾಗುವುದು ಅಲ್ಲೇ.

ಎಲ್ಲ ದಾಖಲಾಗಿದೆ ಎನ್ನುವವರಿಗೆ ಒಂದೇ ಮಾತು: ವಾಯುಪಡೆಯ ಪೈಲಟ್, ಕೊಡಗಿನ ಅಜ್ಜಮಾಡ ದೇವಯ್ಯ ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲಿನ ದಾಳಿಯಲ್ಲಿ ಸ್ಟಾರ್‌ಫೈಟರ್ ವಿಮಾನ ಕೆಡವಿ ತೀರಿಕೊಂಡದ್ದು 7 ಸೆಪ್ಟೆಂಬರ್ 1965, ಮಹಾವೀರ ಚಕ್ರ ಬಂದದ್ದು 1988ರಲ್ಲಿ.

ಇನ್ನು ಫೋಟೊ. ಐದು ನಿಮಿಷಕ್ಕೊಂದರಂತೆ ನೇರ ಮೇಲಿನಿಂದ ತೆಗೆಯಿರಿ, ಡಬ್ಬಿಯ ಅಂಚಿನಲ್ಲಿ ಉತ್ತರಕ್ಕೆ ಒಂದು ಕಡ್ಡಿ ಇಟ್ಟು. ಕೊನೆಗೆ ತೆಗೆದರಾಯಿತು ಎಂದುಕೊಂಡು ನಾಲ್ಕಾರು ಮಾದರಿ ಕಳೆದುಕೊಂಡದ್ದಿದೆ. ಆರ್ಡರ್ ಮುಗಿದ ಮೇಲೆ ಮಾಡೆಲ್ ಅಳಿಸುವುದು ಅವರ ಕಟ್ಟಳೆ. ಮಾತು ನಿಂತ ಗಳಿಗೆಯೇ ಅಂಗೈಯಿಂದ ಇಡೀ ಮರಳನ್ನು ಸಮ ಮಾಡಿ, ಗುಂಡಿಯನ್ನು ಒರೆಸಿ ನಿಮ್ಮ ಕೈಗಿಡುತ್ತಾರೆ.