ಗಂಡ ಹೆಂಡತಿ ಸೈಕಲಲ್ಲಿ ದೂರ ಹೊರಟರೆ: ಮೊದಲ ಹತ್ತು ದಿನ

ನಾವಿಬ್ಬರು ಕುಂಬಳೆಯಿಂದ ಕನ್ಯಾಕುಮಾರಿಗೆ ಸೈಕಲಲ್ಲಿ ಹೋಗಿ ಬಂದ ಮೇಲೆ ಎಲ್ಲರೂ ಕೇಳುವುದು ಎರಡೇ ಪ್ರಶ್ನೆ. ಯಾವ ಸೈಕಲ್? ಎಷ್ಟು ಖರ್ಚು? ಸೈಕಲ್ ವಿಷಯ ಆಮೇಲೆ ಹೇಳುತ್ತೇನೆ. ಮೊದಲು ವೇಗದ ವಿಷಯ. ಇಬ್ಬರ ವೇಗ ಒಂದೇ ಇರುವುದಿಲ್ಲ. ಇದನ್ನು ಮನೆಯಲ್ಲೇ ಕೂತು ಮಾತಾಡಿಕೊಳ್ಳದಿದ್ದರೆ ಮೂರನೇ ದಿನಕ್ಕೆ ಜಗಳ ಆಗುತ್ತದೆ. ನಮಗೆ ಆಯಿತು.

ಆದದ್ದು ಇಷ್ಟು. ಇವರು ಏರು ಹತ್ತಿ, ಮೇಲೆ ಮರದ ನೆರಳಲ್ಲಿ ನಿಂತು ಕಾಯುತ್ತಿದ್ದರು. ನಾನು ಏದುಸಿರು ಬಿಡುತ್ತಾ ಮೇಲೆ ಬರುವಾಗ ಅವರ ಬೆವರು ಆರಿರುತ್ತಿತ್ತು. "ಹೋಗುವನಾ?" ಎಂದು ಹೊರಟೇ ಬಿಡುತ್ತಿದ್ದರು. ಅಂದರೆ ಪ್ರತಿ ಏರಿನಲ್ಲೂ ಅವರಿಗೆ ಹತ್ತು ನಿಮಿಷ ವಿಶ್ರಾಂತಿ, ನನಗೆ ಇಡೀ ದಿನ ಒಂದು ನಿಮಿಷವೂ ಇಲ್ಲ. ಬೇಕೆಂದು ಮಾಡಿದ್ದಲ್ಲ, ಅವರಿಗೆ ಗೊತ್ತೇ ಆಗಿರಲಿಲ್ಲ. ಪಯ್ಯನ್ನೂರಿನ ಹತ್ತಿರ ಒಂದು ಚಾಯದ ಅಂಗಡಿಯಲ್ಲಿ ನಾನು ಸೈಕಲ್ ಗೋಡೆಗೆ ಒರಗಿಸಿ, ಇನ್ನು ಬರುವುದಿಲ್ಲ ಎಂದು ಕೂತುಬಿಟ್ಟೆ. ಆಗ ಅವರಿಗೆ ವಿಷಯ ಅರ್ಥವಾಯಿತು.

ಅಲ್ಲಿಂದ ಮುಂದೆ ಹೀಗೆ ಮಾಡಿದೆವು, ನೀವು ಮೊದಲ ದಿನವೇ ಮಾಡಿ. ನಿಧಾನ ತುಳಿಯುವವರು ಯಾವಾಗಲೂ ಮುಂದೆ. ಜೋರು ತುಳಿಯುವವರು ಹಿಂದೆ. ನಿಂತಲ್ಲಿಂದ ಮತ್ತೆ ಹೊರಡುವುದು ಯಾವಾಗ ಎಂದು ಹೇಳುವುದೂ ನಿಧಾನದವರೇ, ಅವರು ಕೂತು, ನೀರು ಕುಡಿದು, ತಾವಾಗಿ ಎದ್ದ ಮೇಲೆ ಇನ್ನೊಬ್ಬರು ಏಳುವುದು. ಆಮೇಲೆ ಭಾರ ಹಂಚುವುದು. ನಾವು ಸಮ ಪಾಲು ಮಾಡಿಕೊಂಡು ಹೊರಟಿದ್ದೆವು, ಎಂಟೆಂಟು ಕಿಲೋ. ಅದು ತಪ್ಪು. ಉಪಕರಣ, ಬೀಗ, ಬೆಡ್‌ಶೀಟ್, ಹೆಚ್ಚಿನ ನೀರು ಎಲ್ಲ ಅವರ ಸೈಕಲಿಗೆ ಹೋಯಿತು. ಅವರದ್ದು ಹನ್ನೊಂದು, ನನ್ನದು ಐದು. ಅರ್ಧ ದಿನದಲ್ಲಿ ಇಬ್ಬರ ವೇಗ ಹತ್ತಿರ ಹತ್ತಿರ ಬಂತು. ಬೇಜಾರು ಮಾಡಿಕೊಳ್ಳುವ ವಿಷಯ ಇದರಲ್ಲಿ ಏನೂ ಇಲ್ಲ, ಇಬ್ಬರೂ ಒಟ್ಟಿಗೆ ಇರಬೇಕೆಂದೇ ಹೊರಟದ್ದು ಅಲ್ವಾ?

ರಸ್ತೆಯಲ್ಲಿ ಪಕ್ಕ ಪಕ್ಕ ಹೋಗಬೇಡಿ, ಬಸ್ಸುಗಳು ಸ್ವಲ್ಪವೂ ಜಾಗ ಬಿಡುವುದಿಲ್ಲ. ಹಿಂದೆ ಮುಂದೆ ಹೋಗುವಾಗ ಕೂಗಿದರೆ ಕೇಳಿಸುವುದಿಲ್ಲ. ನಾವು ಬೆಲ್ಲಿನ ಲೆಕ್ಕ ಇಟ್ಟುಕೊಂಡೆವು. ಒಂದು ಸಲ ಅಂದರೆ ನಿಧಾನ, ಎರಡು ಸಲ ಅಂದರೆ ಮುಂದಿನ ನೆರಳಲ್ಲಿ ನಿಲ್ಲು, ಬಿಡದೆ ಬಾರಿಸಿದರೆ ಈಗಲೇ ನಿಲ್ಲು.

ಮೊದಲ ದಿನ 30 ಕಿಲೋಮೀಟರ್ ಸಾಕು. ಕುಂಬಳೆಯಿಂದ ಕಾಸರಗೋಡು, ಅಲ್ಲಿಂದ ಬೇಕಲ. ಕಾಸರಗೋಡು ದಾಟುವಾಗ ರಾಷ್ಟ್ರೀಯ ಹೆದ್ದಾರಿ 66 ಹಿಡಿಯಬೇಡಿ. ಅದು ಚೆರ್ಕಳ, ಚಟ್ಟಂಚಾಲ್, ಪೆರಿಯ ಎಂದು ಒಳಗಿನಿಂದ ಹೋಗುತ್ತದೆ, ಏರು ಜಾಸ್ತಿ. ಚಂದ್ರಗಿರಿ ಸೇತುವೆ ದಾಟಿ ಮೇಲ್ಪರಂಬ, ಉದುಮ, ಪಾಲಕುನ್ನು ಕಡೆಯಿಂದ ಹೋಗುವ ಕರಾವಳಿ ರಸ್ತೆ ಕಾಲಿಗೆ ಸುಲಭ. ಬೆಳಿಗ್ಗೆ ಹತ್ತು ಗಂಟೆಯೊಳಗೆ ಬೇಕಲ ತಲುಪುತ್ತೀರಿ, ಸಂಜೆ ಕೋಟೆಯ ಮೇಲಿಂದ ಕಡಲು ನೋಡಬಹುದು. "ಇಷ್ಟೇನಾ, ಇದನ್ನು ಬಸ್ಸಿನಲ್ಲಿ ಒಂದು ಗಂಟೆಯಲ್ಲಿ ಬರುತ್ತಿದ್ದೆವು" ಎಂದು ಅನಿಸುತ್ತದೆ. ಅನಿಸಲಿ. ಎರಡನೇ ದಿನ ನೀಲೇಶ್ವರ. ನಾಲ್ಕನೇ ದಿನ ಪೂರ್ತಿ ರಜೆ, ಕಾಲು ಚೆನ್ನಾಗಿದ್ದರೂ ರಜೆ. ಹತ್ತನೇ ದಿನದ ಹೊತ್ತಿಗೆ 60 ಕಿಲೋಮೀಟರ್ ತಾನಾಗಿ ಆಗುತ್ತದೆ.

ಮೊದಲ ನಾಲ್ಕೈದು ದಿನ ಕೂರುವ ಜಾಗ ನೋಯುತ್ತದೆ, ಅದು ಎಲ್ಲರಿಗೂ ಬರುವ ನೋವು. ಆದರೆ ಜೋಮು ಹಿಡಿದರೆ ಸುಮ್ನೆ ತಡೆದುಕೊಳ್ಳಬೇಡಿ, ಸೀಟಿನ ಮೂತಿ ಒಂದು ಚೂರು ತಗ್ಗಿಸಿ ನೋಡಿ. ಮಂಡಿಯ ಮುಂದೆ ನೋವು ಬಂದರೆ ಹೆಚ್ಚಾಗಿ ಸೀಟು ತಗ್ಗಾಗಿದೆ ಎಂದರ್ಥ. ಹಿಮ್ಮಡಿಯನ್ನು ಪೆಡಲ್ ಮೇಲಿಟ್ಟು ಪೆಡಲನ್ನು ಪೂರ್ತಿ ಕೆಳಗೆ ತಂದಾಗ ಕಾಲು ನೇರ ಆಗಬೇಕು, ಅದು ಸರಿಯಾದ ಎತ್ತರ. ಭಾರದ ಗೇರಿನಲ್ಲಿ ಒತ್ತಿ ಒತ್ತಿ ತುಳಿಯುವುದಕ್ಕಿಂತ ಹಗುರ ಗೇರಿನಲ್ಲಿ ಬೇಗ ಬೇಗ ತುಳಿಯುವುದು ಮಂಡಿಗೆ ಒಳ್ಳೆಯದು. ತೊಡೆ ಉಜ್ಜಿ ಕೆಂಪಾಗುವಲ್ಲಿ ಬೆಳಿಗ್ಗೆಯೇ ತೆಂಗಿನ ಎಣ್ಣೆ ಹಚ್ಚಿ.

ಹಸಿವಿನ ಬಗ್ಗೆ ನಾನು ಗಟ್ಟಿಯಾಗಿಯೇ ಹೇಳುತ್ತೇನೆ. ನಮ್ಮ ಜಗಳಗಳಲ್ಲಿ ಮುಕ್ಕಾಲು ಪಾಲು ಹನ್ನೊಂದು ಗಂಟೆ ಸುಮಾರಿಗೆ ಆದವು, ಆಗ ಇಬ್ಬರ ಹೊಟ್ಟೆಯೂ ಖಾಲಿ. ಬೆಳಿಗ್ಗೆ ಆರಕ್ಕೆ ಹೊರಟು ಎಂಟಕ್ಕೆ ಪುಟ್ಟು ಕಡಲೆ, ಹತ್ತಕ್ಕೆ ಒಂದೊಂದು ನೇಂದ್ರ ಬಾಳೆಹಣ್ಣು, ಹಸಿವಾಗದಿದ್ದರೂ ತಿನ್ನಿ. ಹನ್ನೊಂದರಿಂದ ಮೂರರವರೆಗೆ ತುಳಿಯಬೇಡಿ. ಕರಾವಳಿಯ ಸೆಕೆಯಲ್ಲಿ ಬೆವರು ಆರುವುದೇ ಇಲ್ಲ, ಎಷ್ಟು ಉಪ್ಪು ಹೋಯಿತೆಂದು ಗೊತ್ತೇ ಆಗುವುದಿಲ್ಲ. ಬೊಂಡ (ಎಳನೀರು), ಉಪ್ಪು ಹಾಕಿದ ನೀರು ಮಜ್ಜಿಗೆ, ಇಲ್ಲವೇ ಒಂದು ಲೀಟರ್ ನೀರಿಗೆ ಒಂದು ಓಆರ್‌ಎಸ್ ಪ್ಯಾಕೆಟ್. ಮಧ್ಯಾಹ್ನ ಕುಚ್ಚಿಲಕ್ಕಿ ಗಂಜಿ ಸಿಕ್ಕಿದರೆ ಅದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ.

ಈಗ ಸೈಕಲ್. ಯಾವುದಾದರೂ ಆಗಲಿ, ಎರಡರ ಟಯರ್ ಅಳತೆಯೂ ವಾಲ್ವೂ ಒಂದೇ ಇರಲಿ. ಆಗ ಎರಡು ಟ್ಯೂಬ್ ಹೆಚ್ಚಿಗೆ ಇಟ್ಟುಕೊಂಡರೆ ಯಾರ ಸೈಕಲಿಗೂ ಆಗುತ್ತದೆ. ಬೈಕಿನ ತರದ ದಪ್ಪ ವಾಲ್ವ್ ಆದರೆ ಪೆಟ್ರೋಲ್ ಬಂಕಿನಲ್ಲೂ ಗಾಳಿ ಹಾಕಿಸಬಹುದು. ಪಂಪು, ಟಯರ್ ಲಿವರ್, ಪಂಚರ್ ಪ್ಯಾಚ್, ಅಲೆನ್ ಕೀ, ಚೈನಿಗೆ ಎಣ್ಣೆ, ಒಂದು ಜೊತೆ ಬ್ರೇಕ್ ಪ್ಯಾಡ್. ಪಂಚರ್ ಹಾಕುವುದನ್ನು ಇಬ್ಬರೂ ಮನೆಯಂಗಳದಲ್ಲೇ ಕಲಿತು ಹೊರಡಿ. ಒಬ್ಬರಿಗೆ ಮಾತ್ರ ಗೊತ್ತಿದ್ದರೆ ಇನ್ನೊಬ್ಬರು ದಾರಿಯುದ್ದಕ್ಕೂ ಅತಿಥಿಯ ಹಾಗೆ ಇರಬೇಕಾಗುತ್ತದೆ. ಕೋಝಿಕ್ಕೋಡ್ ದಾಟಿದ ಮೇಲೆ ನಾನೇ ಒಂದು ಪಂಚರ್ ಹಾಕಿದೆ, ಇವರು ಛತ್ರಿ ಹಿಡಿದು ನಿಂತರು. ಆ ದಿನದಿಂದ ಇದು ನನ್ನ ಪ್ರಯಾಣವೂ ಹೌದು ಎಂದು ಅನಿಸಿತು.

ಸಂಜೆ ಒಂದು ಗಂಟೆ ಬೇರೆ ಬೇರೆ ಇರಿ. ದಿನವಿಡೀ ಒಟ್ಟಿಗೆ ಇರುವುದು ಮನೆಯಲ್ಲೂ ಅಭ್ಯಾಸ ಇಲ್ಲ ಅಲ್ವಾ? ಇವರು ಬಟ್ಟೆ ಒಗೆದು ಹಾಕುವಾಗ ನಾನು ಪೇಟೆ ಸುತ್ತಿ ಬರುತ್ತಿದ್ದೆ. ಎಲ್ಲಿ ಉಳಿಯುವುದು, ಎಲ್ಲಿ ತಿನ್ನುವುದು ಎಂಬ ತೀರ್ಮಾನ ಒಂದು ದಿನ ಒಬ್ಬರದ್ದು, ಮರುದಿನ ಇನ್ನೊಬ್ಬರದ್ದು. ಅವರ ದಿನ ರೂಮು ಚೆನ್ನಾಗಿಲ್ಲದಿದ್ದರೆ ದೂರಬಾರದು. ಇಬ್ಬರ ಆಧಾರ್ ಕಾರ್ಡೂ ಕೈಗೆ ಸಿಗುವಲ್ಲಿರಲಿ, ಸೈಕಲ್ ಒಳಗೆ ಇಡಲು ಬಿಡುತ್ತಾರಾ ಎಂದು ಮೊದಲೇ ಕೇಳಿ.

ನವೆಂಬರ್‌ನಿಂದ ಫೆಬ್ರವರಿ ಒಳಗೆ ಹೊರಡಿ. ಈ ದಾರಿಯನ್ನೇ ಮೊದಲ ಪ್ರಯಾಣಕ್ಕೆ ಹೇಳಲು ಇನ್ನೊಂದು ಕಾರಣವೂ ಇದೆ. ರೈಲು ಹಳಿ ಹೆಚ್ಚಿನ ಕಡೆ ರಸ್ತೆಗೆ ಹತ್ತಿರವೇ ಇದೆ. ಯಾರಾದರೂ ಒಬ್ಬರು ಸಾಕು ಎಂದರೆ ಸಾಕು, ಯಾಕೆ ಎಂದು ಕೇಳಬಾರದು ಎಂದು ಹೊರಡುವಾಗಲೇ ಮಾತು ಕೊಟ್ಟುಕೊಳ್ಳಿ. ಸೈಕಲನ್ನು ರೈಲಿನಲ್ಲಿ ಕಳಿಸಲು ದೊಡ್ಡ ಸ್ಟೇಷನ್ನಿನ ಪಾರ್ಸೆಲ್ ಆಫೀಸಿಗೆ ಹಿಂದಿನ ದಿನವೇ ಹೋಗಿ ವಿಚಾರಿಸಿ, ಪೆಡಲ್ ಬಿಚ್ಚಿ, ಗೇರಿನ ಕಡೆಗೆ ಗೋಣಿ ಸುತ್ತಿ, ಹೆಸರು, ಊರು, ಫೋನ್ ನಂಬರ್ ಬರೆದ ಚೀಟಿಯನ್ನು ಎರಡು ಕಡೆ ಕಟ್ಟಿ.