ಟೇಬಲ್ ಶಟ್ರಿಂಗ್‌ನಲ್ಲಿ ಪಾರ್ಕಿಂಗ್ ಮಹಡಿ: ನನ್ನ ಅನುಭವ

ಪಾರ್ಕಿಂಗ್ ಕಟ್ಟಡದಲ್ಲಿ ಒಂದೇ ಅಳತೆಯ ಅಂಕಣ ಪ್ರತಿ ಮಹಡಿಯಲ್ಲೂ ಬರುತ್ತದೆ. ಹಾಗಾಗಿ ಪ್ರತಿ ಸಲ ಬಿಚ್ಚಿ ಕಟ್ಟುವ ಸೆಂಟ್ರಿಂಗ್‌ಗಿಂತ ಟೇಬಲ್ ಶಟ್ರಿಂಗೇ (ಕಾಂಕ್ರೀಟ್ ಗಟ್ಟಿಯಾಗುವ ತನಕ ಹೊರುವ, ಮೇಜಿನಂಥ ಅಚ್ಚು) ವಾಸಿ. ಕಾಲು, ಎಚ್20 (20 ಸೆಂ.ಮೀ. ಎತ್ತರದ) ಮರದ ಬೀಮು, ಮೇಲೆ 18 ಮಿ.ಮೀ. ಫಿಲ್ಮ್ ಪ್ಲೈವುಡ್, ಎಲ್ಲ ಸೇರಿ ಒಂದೇ ಘಟಕ. ಇಳಿಸಿ, ಟ್ರಾಲಿಯಲ್ಲಿ ಅಂಚಿಗೆ ತಳ್ಳಿ, ಕ್ರೇನಿನಿಂದ ಮೇಲಿನ ಮಹಡಿಗೆ ಎತ್ತುತ್ತೇವೆ.

ಟೇಬಲ್ಲಿನ ಅಳತೆಯನ್ನು ಅದು ಹೊರಬರುವ ದಾರಿ ನೋಡಿ ನಿರ್ಧರಿಸಬೇಕು. ಅಂಚಿನ ಬೀಮು ಸ್ಲ್ಯಾಬಿಗಿಂತ 600 ಮಿ.ಮೀ. ಕೆಳಗಿದ್ದರೆ ಟೇಬಲ್ ಅದರಡಿ ತೂರಬೇಕು; ಬರೀ ಕಾಲಿನ ತಿರುಪು ಜಾಕ್ ತಿರುಗಿಸಿದರೆ ಅಷ್ಟು ಇಳಿಯುವುದಿಲ್ಲ, ಮಡಚುವ ಕಾಲೇ ಬೇಕು. ಬೀಮಿನ ಪಕ್ಕ ಎರಡೂ ಕಡೆ 75 ಮಿ.ಮೀ. ಬಿಟ್ಟು ಪ್ಲೈ ಪಟ್ಟಿಯಿಂದ ಮುಚ್ಚುತ್ತೇವೆ. ಆ ಸಂದಿಗೆ ಫೋಮ್ ಟೇಪ್ ಹಾಕದಿದ್ದರೆ ಸಿಮೆಂಟ್ ಹಾಲು ಸೋರಿಹೋಗಿ, ತಳದಲ್ಲಿ ಉದ್ದಕ್ಕೂ ಮರಳಿನ ಗೆರೆ ಬೀಳುತ್ತದೆ, ಬೆರಳಲ್ಲಿ ಕೆರೆದರೆ ಜಲ್ಲಿ ಕಾಣುತ್ತದೆ. ಇಲ್ಲಿ ಅದನ್ನು ಮುಚ್ಚಲು ಫಾಲ್ಸ್ ಸೀಲಿಂಗೂ ಇರುವುದಿಲ್ಲ.

ಭಾರದ ಲೆಕ್ಕ: 200 ಮಿ.ಮೀ. ಸ್ಲ್ಯಾಬು ಚದರ ಮೀಟರಿಗೆ 500 ಕೆಜಿ. ಶಟ್ರಿಂಗ್, ಆಳುಗಳಿಗೆ 250 ಕೆಜಿ ಸೇರಿಸಿದರೆ 750. 1.5 ಮೀಟರ್ × 1.2 ಮೀಟರಿಗೆ ಒಂದು ಕಾಲಾದರೆ ಅದರ ಮೇಲೆ 1,350 ಕೆಜಿ ಬರುತ್ತದೆ. ಪ್ರಾಪ್ (ಭಾರ ಹೊರುವ ಈ ಕಾಲು) ಒಂದೂವರೆ ಪಟ್ಟು ಉದ್ದವಾದರೆ ಅದು ಬಾಗದೆ ಹೊರುವ ಭಾರ ಅರ್ಧಕ್ಕಿಂತ ಕಡಿಮೆಯಾಗುತ್ತದೆ. ಎತ್ತರ ಹೆಚ್ಚಿರುವ ಕೆಳಮಹಡಿಗೂ ಮೇಲಿನ ಮಹಡಿಗಳಲ್ಲಿ ಕಾಲುಗಳ ನಡುವೆ ಇಟ್ಟ ಅಂತರವನ್ನೇ ಇಡುವುದು ಅಪಾಯ.

ಕಾಲಂಗಳಿಗೆ ಮೊದಲೇ ಕಾಂಕ್ರೀಟ್ ಹಾಕಿ ಮುಗಿಸುತ್ತೇವೆ. ಆಮೇಲೆ ಟೇಬಲ್ಲುಗಳನ್ನು ಪಕ್ಕಕ್ಕೆ ಸರಿಯದಂತೆ ಅವಕ್ಕೇ ಬಿಗಿಯುತ್ತೇವೆ. ರ‍್ಯಾಂಪಿನಲ್ಲಿ ಇದು ಬೇಕೇ ಬೇಕು. ಇಳಿಜಾರಿನಲ್ಲೂ ಪ್ರಾಪ್ ತೂಗುಗುಂಡಿಗೆ ನೇರವಾಗಿಯೇ ನಿಲ್ಲಬೇಕು. ಇಳಿಜಾರನ್ನು ತಲೆಯಲ್ಲಿ, ಬುಡದಲ್ಲಿ ಬೆಣೆ ಕೊಟ್ಟು ಸರಿಹೊಂದಿಸಬೇಕು. ಆ ಬೆಣೆಗೆ ಮೊಳೆ ಹೊಡೆದಿರಬೇಕು, ಇಲ್ಲವಾದರೆ ವೈಬ್ರೇಟರಿನ ಅದುರಾಟಕ್ಕೆ ಜಾರುತ್ತದೆ. ಕಾಂಕ್ರೀಟನ್ನು ತಗ್ಗಿನಿಂದ ಏರಿನ ಕಡೆಗೆ ಹಾಕಬೇಕು.

ಹೆಚ್ಚು ಎಚ್ಚರ ಬೇಕಾದದ್ದು ಬಿಚ್ಚುವಾಗ. ಇಲ್ಲಿ 16 ಮೀಟರ್ ಸ್ಪ್ಯಾನ್ ಸಾಮಾನ್ಯ, ಬೀಮುಗಳಿಗೆ ಪೋಸ್ಟ್ ಟೆನ್ಷನಿಂಗ್ (ಕಾಂಕ್ರೀಟ್ ಗಟ್ಟಿಯಾದ ಮೇಲೆ ಒಳಗಿನ ಉಕ್ಕಿನ ಕೇಬಲ್ ಎಳೆದು ಬಿಗಿಯುವುದು) ಇರುತ್ತದೆ. ಕೇಬಲ್ ಎಳೆದಾಗ ಬೀಮಿನ ನಡುಭಾಗ ಮೇಲೇಳುತ್ತದೆ, ಅಲ್ಲಿನ ಭಾರ ತುದಿಗಳಿಗೆ ಸರಿಯುತ್ತದೆ. ಹಾಗಾಗಿ ತುದಿಗಳಲ್ಲಿ, ಅಡ್ಡ ಗರ್ಡರಿದ್ದರೆ ಅದರಡಿಯಲ್ಲೂ, ಪ್ರಾಪ್ ಹೆಚ್ಚು ಇಟ್ಟಿರಬೇಕು. ಬೀಮಿನ ಪಕ್ಕದ ಹಲಗೆಗಳನ್ನು ಕೇಬಲ್ ಎಳೆಯುವ ಮುಂಚೆ ಬಿಚ್ಚುತ್ತೇವೆ; ಬೀಮು ಕುಗ್ಗಲು ಅವು ಬಿಡುವುದಿಲ್ಲ. ತಳದ ಹಲಗೆಯನ್ನು ಮಾತ್ರ ಕೇಬಲ್ ಎಳೆದ ಮೇಲೆಯೇ ಮುಟ್ಟಬೇಕು. ಕ್ಯೂಬುಗಳನ್ನು (ಕಾಂಕ್ರೀಟಿನ ಬಲ ನೋಡಲು ಅದೇ ಮಾಲಿನಿಂದ ಎರೆದ ಘನಗಳು) ಸ್ಲ್ಯಾಬಿನ ಪಕ್ಕದಲ್ಲೇ ಇಟ್ಟು, ಆಮೇಲೆ ಒಡೆಸುತ್ತೇನೆ, ನೀರಿನ ತೊಟ್ಟಿಯ ಕ್ಯೂಬು ಚಳಿಯಲ್ಲಿ ನಿಂತ ಸ್ಲ್ಯಾಬಿನ ನಿಜವಾದ ಬಲ ಹೇಳುವುದಿಲ್ಲ.

ಪ್ರಾಪ್ ಸಡಿಲಿಸುವುದು ನಡುವಿನಿಂದ ಆಸರೆಯ ಕಡೆಗೆ, ಒಂದೇ ಕಡೆ ಆಸರೆಯಿರುವ ಕ್ಯಾಂಟಿಲಿವರಾದರೆ ತುದಿಯಿಂದ ಬುಡಕ್ಕೆ. ತಿರುಗಾಮುರುಗಾ ಮಾಡಿ ನಡುವೆ ಒಂದೇ ಪ್ರಾಪ್ ಉಳಿಸಿದರೆ ಅದೇ ಆಸರೆಯಾಗುತ್ತದೆ. ಅಲ್ಲಿ ಮೇಲ್ಭಾಗದ ಕಬ್ಬಿಣ ಕಡಿಮೆ ಇರುವುದರಿಂದ ಸ್ಲ್ಯಾಬು ಮೇಲಿನಿಂದ ಸೀಳುತ್ತದೆ. ಟೇಬಲ್ ಹೊರಬಂದ ಕೂಡಲೇ ಕೆಳಗಿನ ಎರಡು ಮಹಡಿಗಳಿಗೆ ಬ್ಯಾಕ್ ಪ್ರಾಪ್ (ಮತ್ತೆ ಕೊಡುವ ಆಸರೆ ಕಾಲು) ಇಡುತ್ತೇವೆ, ಒಂದರ ನೇರಕ್ಕೊಂದು. ಕೈಬಿಗಿ ಸಾಕು; ಸುತ್ತಿಗೆ ಹೊಡೆದು ಬಿಗಿದರೆ ಎಳೆಯ ಸ್ಲ್ಯಾಬನ್ನೇ ಎತ್ತಿದಂತಾಗುತ್ತದೆ.