ನೀವೇ ಶೂಟ್ ಮಾಡಿದ್ದನ್ನು ನೀವೇ ಎಡಿಟ್ ಮಾಡುವಾಗ

ಹೊಸದಾಗಿ ಕಿರುಚಿತ್ರ ಮಾಡುವವರಲ್ಲಿ ಜಾಸ್ತಿ ಜನಕ್ಕೆ ನಿರ್ದೇಶನವೂ ತಮ್ಮದೇ, ಎಡಿಟಿಂಗೂ ತಮ್ಮದೇ. ಅದಕ್ಕೆ ಸಂಕೋಚ ಬೇಡ. ಜಪಾನಿನ ನಿರ್ದೇಶಕ ಕುರೋಸಾವಾ ತಮ್ಮ ಸಿನಿಮಾಗಳನ್ನು ತಾವೇ ಎಡಿಟ್ ಮಾಡುತ್ತಿದ್ದರು. ಹಾಲಿವುಡ್ ನಿರ್ದೇಶಕರಾದ ಕೋಯೆನ್ ಸಹೋದರರು ತಾವೇ ಎಡಿಟ್ ಮಾಡಿ, ರೋಡರಿಕ್ ಜೇನ್ಸ್ ಅನ್ನುವ ಇಲ್ಲದ ಮನುಷ್ಯನ ಹೆಸರು ಹಾಕಿದರು. ಆ ಹೆಸರು ಎರಡು ಸಲ ಆಸ್ಕರ್‌ಗೆ ನಾಮಿನೇಟ್ ಕೂಡ ಆಯಿತು!

ತೊಂದರೆ ಬೇರೆ ಕಡೆ ಇದೆ. ಬೆಳಗಿನ ಜಾವ ಎದ್ದು, ಬೆಳಕಿಗೆ ಕಾದು, ಹತ್ತು ಟೇಕ್ ಮಾಡಿ ತೆಗೆದ ಶಾಟನ್ನು ಕತ್ತರಿಸಲು ಕೈ ಬರಲ್ಲ. ನೋಡುವವರಿಗೆ ಆ ಪಾಡು ಯಾವುದೂ ಗೊತ್ತಿಲ್ಲ, ಅವರಿಗೆ ಕಾಣುವುದು ಬರೀ ಶಾಟ್. ಹಾಗಾಗಿ ಶೂಟಿಂಗ್ ಮುಗಿದ ಮೇಲೆ ಫುಟೇಜನ್ನು ಎರಡು ಬೇರೆ ಬೇರೆ ಡ್ರೈವ್‌ಗೆ ಕಾಪಿ ಮಾಡಿ, ಎರಡೂ ತೆರೆದುಕೊಳ್ಳುತ್ತವಾ ನೋಡಿ (ಅಲ್ಲಿಯವರೆಗೆ ಕಾರ್ಡ್ ಫಾರ್ಮ್ಯಾಟ್ ಮಾಡಲೇಬೇಡಿ), ಆಮೇಲೆ ಒಂದಷ್ಟು ದಿನ ಸುಮ್ನೆ ಬಿಟ್ಟುಬಿಡಿ. ಸೆಟ್ಟಿನ ನೆನಪು ಸ್ವಲ್ಪ ಮಾಸಬೇಕು.

ವಾಪಸ್ ಬಂದು ಮೊದಲು ಎಲ್ಲ ರಶಸ್ (ಕತ್ತರಿಸದ ಮೂಲ ಫುಟೇಜ್) ನೋಡಿ. ಎಡಿಟಿಂಗ್ ಸಾಫ್ಟ್‌ವೇರ್‌ನಲ್ಲಿ ಶಾಟ್‌ಗಳನ್ನು ಜೋಡಿಸುವ ಟೈಮ್‌ಲೈನ್ ಮುಟ್ಟಬೇಡಿ. ಪಕ್ಕದಲ್ಲಿ ಒಂದು ನೋಟ್‌ಬುಕ್ ಇರಲಿ. ಎಲ್ಲಿ ನಗು ಬಂತು, ಎಲ್ಲಿ ಕೈ ಮೊಬೈಲ್ ಕಡೆ ಹೋಯಿತು, ಅಷ್ಟು ಬರೆದುಕೊಂಡರೆ ಸಾಕು. ‘ರೋಲಿಂಗ್’ ಮತ್ತು ‘ಆಕ್ಷನ್’ ನಡುವಿನ ಆ ಕೆಲವು ಸೆಕೆಂಡುಗಳನ್ನೂ ಬಿಡದೆ ನೋಡಿ. ನಟರು ನಟಿಸದೆ ಸುಮ್ಮನೆ ನಿಂತಿರುವ ಆ ಮುಖ ಎಷ್ಟೋ ಸಲ ಒಳ್ಳೆ ರಿಯಾಕ್ಷನ್ ಶಾಟ್ ಆಗುತ್ತದೆ. ರಷ್ಯಾದ ನಿರ್ದೇಶಕ ಕುಲೆಶೋವ್ ಸುಮಾರು ನೂರು ವರ್ಷದ ಹಿಂದೆಯೇ ತೋರಿಸಿದ್ದು ಇದನ್ನೇ ಅಲ್ವಾ? ನಟನ ಅದೇ ಮುಖ, ಪಕ್ಕದ ಶಾಟ್‌ನಲ್ಲಿ ಸೂಪಿನ ತಟ್ಟೆ ಇಟ್ಟರೆ ಹಸಿವು, ಶವಪೆಟ್ಟಿಗೆ ಇಟ್ಟರೆ ದುಃಖ.

ಈಗ ಕಟ್ ಮಾಡೋಣ. ಒಂದು ಸೀನ್ ಅಂದುಕೊಳ್ಳಿ: ಮಗಳು ಬ್ಯಾಗ್ ತುಂಬುತ್ತಾ ‘ನಾಳೆ ಹೊರಡ್ತೀನಿ ಅಪ್ಪ, ಮತ್ತೆ ಯಾವಾಗ ಬರ್ತೀನೋ ಗೊತ್ತಿಲ್ಲ’ ಅನ್ನುತ್ತಾಳೆ. ಮಾತನಾಡುವವರ ಮುಖವನ್ನೇ ತೋರಿಸುತ್ತಾ ಹೋದರೆ ಅದು ಇಂಟರ್‌ವ್ಯೂ ಥರ ಆಗುತ್ತದೆ. ‘ಹೊರಡ್ತೀನಿ ಅಪ್ಪ’ ಅನ್ನುವವರೆಗೆ ಮಗಳು, ಅಲ್ಲಿಂದ ಅಪ್ಪನ ಮುಖಕ್ಕೆ ಕಟ್, ಉಳಿದ ಮಾತು ಆ ಮುಖದ ಮೇಲೆ ಕೇಳಲಿ. ಇದೇ ಎಲ್ ಕಟ್. ಮಾತು ಮುಗಿದ ತಕ್ಷಣ ಮುಂದಿನ ಶಾಟ್‌ಗೆ ಹಾರಬೇಡಿ, ಅಪ್ಪ ಕಣ್ಣು ಕೆಳಗೆ ಹಾಕುವವರೆಗೆ ಕಾಯಿರಿ. ಆಮೇಲೆ ಹತ್ತು ಫ್ರೇಮ್ ಮುಂಚೆ ಕಟ್ ಮಾಡಿ ನೋಡಿ, ಹತ್ತು ಫ್ರೇಮ್ ತಡವಾಗಿ ಮಾಡಿ ನೋಡಿ. 24 ಫ್ರೇಮ್‌ಗೆ ಒಂದು ಸೆಕೆಂಡ್, ಅಂದರೆ ಅರ್ಧ ಸೆಕೆಂಡೂ ಇಲ್ಲ, ಆದರೂ ಒಂದರಲ್ಲಿ ಅಪ್ಪನಿಗೆ ಸಿಟ್ಟು ಬಂದಂತೆ, ಇನ್ನೊಂದರಲ್ಲಿ ಸೋತಂತೆ ಕಾಣಬಹುದು.

ಮಗಳ ಕೈ ಒಂದು ಶಾಟ್‌ನಲ್ಲಿ ಬ್ಯಾಗಿನ ಮೇಲೆ, ಇನ್ನೊಂದರಲ್ಲಿ ಮಡಿಲಲ್ಲಿ ಇದೆ ಅಂತ ಒಳ್ಳೆ ಟೇಕ್ ಬಿಸಾಕಬೇಡಿ. ಎಡಿಟರ್ ವಾಲ್ಟರ್ ಮರ್ಚ್ ಕಟ್‌ಗೆ ಆರು ಅಳತೆ ಕೊಟ್ಟಿದ್ದಾರೆ. ಅದರಲ್ಲಿ ಭಾವನೆಗೆ 51%, ಕಥೆಗೆ 23%. ಯಾರು ಎಲ್ಲಿ ನಿಂತಿದ್ದಾರೆ ಅನ್ನುವ ಕಂಟಿನ್ಯೂಟಿ ಕೊನೆಯಲ್ಲಿ, ಬರೀ 4%. ಶೇಕಡಾ ಲೆಕ್ಕ ನನಗೆ ಸ್ವಲ್ಪ ತಮಾಷೆ ಅನಿಸುತ್ತದೆ, ಆದರೆ ಆ ಕ್ರಮ ಮಾತ್ರ ಸರಿ.

ರಫ್ ಕಟ್‌ಗೆ, ಅಂದರೆ ಮೊದಲ ಕಚ್ಚಾ ಜೋಡಣೆಗೆ, ಬಿಜಿಎಂ ಹಾಕಬೇಡಿ. ಸತ್ತ ಸೀನ್‌ಗೂ ಸಂಗೀತ ಜೀವ ಇರುವ ಹಾಗೆ ತೋರಿಸುತ್ತದೆ, ನೀವು ಮೋಸ ಹೋಗ್ತೀರಿ. ಅದಕ್ಕಿಂತ ಶೂಟಿಂಗ್ ಸಮಯದಲ್ಲೇ ಪ್ರತಿ ಲೊಕೇಶನ್‌ನಲ್ಲೂ ಯಾರೂ ಮಾತಾಡದೆ 30 ಸೆಕೆಂಡ್ ರೂಮ್ ಟೋನ್ (ಆ ಜಾಗದ ಸಹಜ ಸದ್ದು) ರೆಕಾರ್ಡ್ ಮಾಡಿಟ್ಟುಕೊಳ್ಳಿ. ಮಾತುಗಳ ನಡುವಿನ ತೂತು ಮುಚ್ಚಲು ಅದೇ ಬೇಕಾಗುವುದು.

ರಫ್ ಕಟ್ ಆದ ಮೇಲೆ ಶೂಟಿಂಗ್‌ಗೆ ಬರದ ಒಬ್ಬರನ್ನು ಕೂರಿಸಿ ತೋರಿಸಿ. ನೀವು ಪರದೆ ನೋಡಬೇಡಿ, ಅವರನ್ನು ನೋಡಿ. ‘ಚೆನ್ನಾಗಿದೆ’ ಅನ್ನುವುದನ್ನು ಕಿವಿಗೆ ಹಾಕಿಕೊಳ್ಳಬೇಡಿ, ಕಥೆ ಏನಾಯ್ತು ಹೇಳಿ ಅಂತ ಕೇಳಿ. ಅವರು ಎಡವಿದ ಜಾಗಕ್ಕೆ ಹೋಗಿ ಸರಿ ಮಾಡಿ, ಆಮೇಲಷ್ಟೇ ಪಿಕ್ಚರ್ ಲಾಕ್, ಅಂದರೆ ಇನ್ನು ಕಟ್ ಬದಲಿಸಲ್ಲ ಅನ್ನುವ ಹಂತ. ಸೌಂಡ್, ಮ್ಯೂಸಿಕ್, ಕಲರ್ ಎಲ್ಲ ಲಾಕ್ ಆದ ನಂತರ, ಯಾಕಂದರೆ ಅಲ್ಲಿಂದ ಮುಂದೆ ನೀವು ನಾಲ್ಕು ಫ್ರೇಮ್ ತೆಗೆದರೂ ಆ ಜಾಗದಿಂದ ಕೊನೆಯವರೆಗೆ ಸೌಂಡ್ ಟ್ರ್ಯಾಕ್‌ಗಳನ್ನೆಲ್ಲ ಮತ್ತೆ ಹೊಂದಿಸಬೇಕು.